ಗಾಢ ನೇರಳೆ ವೀಗನ್ ನೇಲ್ ಪಾಲಿಶ್: ಗುಳ್ಳೆ ಏಳುತ್ತಿದೆ, ಉಗುರಿಗೆ ಕಲೆಯೂ ಹಿಡಿದಿದೆ

ನೇರಳೆಹಣ್ಣು:
ವೀಗನ್, ಕ್ರೂಯೆಲ್ಟಿ-ಫ್ರೀ ಅಂತ ಬರೆದಿದ್ದ ಪಾಲಿಶ್ ತಗೊಂಡೆ. ಬಣ್ಣ ಥೇಟ್ ಮಾಗಿದ ನೇರಳೆಹಣ್ಣು. ಎರಡು ಕೋಟ್ ಹಚ್ಚಿ ಹತ್ತು ನಿಮಿಷ ಆಗಿರಲಿಲ್ಲ, ರವೆ ಚೆಲ್ಲಿದ ಹಾಗೆ ಗುಳ್ಳೆ ಎದ್ದವು. ನಾಲ್ಕು ದಿನ ಬಿಟ್ಟು ಅಳಿಸಿದರೆ ಉಗುರೆಲ್ಲ ಹಳದಿ. ಹಳೆಯ ತಿಳಿಗುಲಾಬಿ ಪಾಲಿಶ್‌ನಲ್ಲಿ ಈ ಕಾಟ ಇರಲಿಲ್ಲ. ವೀಗನ್ ಆಗಿರುವುದಕ್ಕೇ ಹೀಗಾ?

ಬಣ್ಣದಡಬ್ಬಿ:
ಪಾಪ, ವೀಗನ್ ಮೇಲೆ ಹೊರಿಸಬೇಡಿ. ಉಗುರಿನ ಮೇಲೆ ಪದರ ಕಟ್ಟುವುದು ಸಾಮಾನ್ಯವಾಗಿ ನೈಟ್ರೋಸೆಲ್ಯುಲೋಸ್. ಅದು ಹತ್ತಿ ಅಥವಾ ಮರದ ನಾರಿನಿಂದ ಬರುತ್ತದೆ, ನಿಮ್ಮ ಹಳೆಯ ಬಾಟಲಿಯಲ್ಲೂ ಅದೇ ಇದ್ದೀತು. ವೀಗನ್‌ನಲ್ಲಿ ಬಿಡುವುದು ಪ್ರಾಣಿಮೂಲದ ವಸ್ತುಗಳನ್ನು: ಹುಳದಿಂದ ತೆಗೆದ ಕಾರ್ಮೈನ್ ಕೆಂಪು, ಮೀನಿನ ಹುರುಪೆಯ ಹೊಳಪು, ಇಂಥವನ್ನು. ಲೇಬಲ್‌ನಲ್ಲಿ ಸಿಐ (ಬಣ್ಣಗಳ ಗುರುತಿನ ಸಂಖ್ಯೆ) 75470 ಇದ್ದರೆ ಕಾರ್ಮೈನ್, ಸಿಐ 75170 ಇದ್ದರೆ ಗ್ವಾನಿನ್, ಅಂದರೆ ಆ ಮೀನಿನ ಹೊಳಪು. ಕ್ರೂಯೆಲ್ಟಿ-ಫ್ರೀ ಬೇರೆ ಮಾತು, ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲ ಅಂತ. ಹಾಗೆ ಬರೆದಿರುವ ಬಾಟಲಿಯಲ್ಲೂ ಕಾರ್ಮೈನ್ ಇರಬಹುದು. ನಮ್ಮ ದೇಶದಲ್ಲಿ ಆ ಪರೀಕ್ಷೆ 2014ರಲ್ಲೇ ನಿಂತಿದೆ.

ಅದಿರಲಿ, ಹಚ್ಚಿದ್ದು ಹೇಗೆ? ಫ್ಯಾನ್ ಹಾಕಿದ್ರಾ?

ನೇರಳೆಹಣ್ಣು:
ಐದರಲ್ಲಿತ್ತು. ಬಾಟಲಿಯನ್ನೂ ಚೆನ್ನಾಗಿ ಕುಲುಕಿದ್ದೆ. ಬಣ್ಣ ಗಟ್ಟಿ ಅನ್ನಿಸಿ ಎರಡು ಹನಿ ರಿಮೂವರ್ ಕೂಡ ಬಿಟ್ಟೆ. ಬೈಬೇಡಿ.

ಬಣ್ಣದಡಬ್ಬಿ:
ಬೈಯುವುದಿಲ್ಲ, ಆದರೆ ಮೂರೂ ತಪ್ಪು. ಫ್ಯಾನ್ ಗಾಳಿಗೆ ಮೇಲಿನ ಪದರ ಬೇಗ ಒಣಗಿ, ಕಾಯಿಸಿದ ಹಾಲಿನ ಕೆನೆ ಥರ ಕೂರುತ್ತದೆ. ಅಡಿಯಲ್ಲಿ ಉಳಿದ ಸಾಲ್ವೆಂಟ್ (ಪಾಲಿಶ್ ನೀರಾಗಿರುವಂತೆ ಇಡುವ ದ್ರವ) ಆವಿಯಾಗಿ ಮೇಲೆ ಬರಲು ದಾರಿ ಇಲ್ಲ, ಅದೇ ಗುಳ್ಳೆ. ಕೋಟ್ ದಪ್ಪವಾದಷ್ಟೂ ಜಾಸ್ತಿ. ಕುಲುಕಿದರೆ ಗಾಳಿ ಸೇರುತ್ತದೆ. ಬಾಟಲಿಯನ್ನು ಅಂಗೈಗಳ ನಡುವೆ ಇಟ್ಟು ಉರುಳಿಸಿ, ಸಾಕು. ರಿಮೂವರ್‌ನಲ್ಲಿ ನೀರು, ಎಣ್ಣೆ ಇರಬಹುದು, ಪಾಲಿಶ್ ಕೆಡುತ್ತದೆ. ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಇರುವ ಥಿನ್ನರ್ (ಗಟ್ಟಿಯಾದ ಪಾಲಿಶ್ ತೆಳುವಾಗಿಸುವ ದ್ರವ) ಸಿಗುತ್ತದೆ, ಅದನ್ನು ಎರಡೇ ಹನಿ ಹಾಕಿ.

ಕಲೆ ಬಣ್ಣದ್ದು. ಕೆಂಪು, ನೇರಳೆಯಂಥ ಗಾಢ ಬಣ್ಣಗಳು ಉಗುರಿಗೆ ಇಳಿಯುತ್ತವೆ. ಬೇಸ್ ಕೋಟ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ) ಇಲ್ಲದೆ ಹಚ್ಚಲೇಬೇಡಿ. ಈಗಿರುವುದನ್ನು ನಿಂಬೆಹಣ್ಣು ಹಾಕಿ ತಿಕ್ಕಬೇಡಿ, ಉಗುರು ಒಣಗುತ್ತದೆ ಅಷ್ಟೇ. ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕತ್ತರಿಸುತ್ತಾ ಹೋಗಿ.

ಕರಾವಳಿಯವಳು:
ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲೇ ಪಾಲಿಶ್ ಹಚ್ಚಬೇಡಿ ಮಾರಾಯ್ರೆ. ನನ್ನದು ಹಾಳೆ ಹಾಳೆಯಾಗಿ ಎದ್ದು ಬರುತ್ತಿತ್ತು. ಮತ್ತೆ, ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಹಚ್ಚಿ ನೋಡಿ. ಉಗುರು ಉಳಿಯುತ್ತದೆ.

ನೇರಳೆಹಣ್ಣು:
ಎರಡು ಚಮಚಕ್ಕೆ ತೆಳ್ಳಗೆ ಹಚ್ಚಿದೆ. ಒಂದನ್ನು ಫ್ಯಾನ್ ಕೆಳಗೆ, ಇನ್ನೊಂದನ್ನು ಅಡುಗೆಮನೆಯಲ್ಲಿ ಇಟ್ಟೆ. ಫ್ಯಾನ್ ಕೆಳಗಿನದಕ್ಕೆ ಮಾತ್ರ ಗುಳ್ಳೆ! ಇವತ್ತು ಬೇಸ್ ಕೋಟ್ ಹಾಕಿ, ಕೋಟ್ ಮಧ್ಯೆ ಐದು ನಿಮಿಷ ಬಿಟ್ಟು ಹಚ್ಚಿದೆ. ಒಂಬತ್ತು ಉಗುರು ಕನ್ನಡಿ ಹಾಗಿವೆ. ಹತ್ತನೆಯದು ಒಣಗುವ ಮೊದಲೇ ಕುಕ್ಕರ್ ಕೂಗಿತು.