‘ಮುಂದ ಹ್ಯಾಂಗ್ರಿ?’ – ಪ್ರಾಗ್ನೋಸಿಸ್‌ಗೆ ಏನನ್ನೋಣ?

ನಮಸ್ಕಾರ, ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಪ್ರಾಗ್ನೋಸಿಸ್, ಅಂದರೆ ರೋಗ ಮುಂದೆ ಏನಾದೀತು ಅನ್ನುವ ಡಾಕ್ಟರರ ಅಂದಾಜು; ಅದಕ್ಕೆ ಕನ್ನಡ ಪದ ಹುಡುಕುತ್ತಿದ್ದೇನೆ.

ನಮ್ಮ ಮಾಮಾನ ತೊಡೆಯಲ್ಲಿ ಒಂದು ಗಂಟಾಗಿತ್ತು. ನೋವಿಲ್ಲ, ಕೊಬ್ಬಿನ ಗಂಟು ಇರಬೇಕು ಅಂತ ವರ್ಷ ಸುಮ್ನೆ ಬಿಟ್ಟಿದ್ದರು. ಬಯಾಪ್ಸಿಯಲ್ಲಿ ಸೈನೋವಿಯಲ್ ಸಾರ್ಕೋಮಾ ಅಂತ ಬಂತು. ಮಾಮಾನ ಹೆಂಡತಿಗೆ, ಅಂದರೆ ನಮ್ಮ ಅತ್ತಿಗೆ, ರಿಪೋರ್ಟು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ.

ಮೊದಲ ಸಾಲಿಗೇ ಎಡವಿದೆ. ‘ಮೃದು ಅಂಗಾಂಶದ ಕ್ಯಾನ್ಸರ್’ ಅಂದೆ. “ಮೃದು ಹ್ಯಾಂಗಪಾ? ಹಿಚುಕಿ ನೋಡಿದ್ರ ಕಲ್ಲ ಇದ್ದಂಗ ಐತಿ” ಅಂದರು ಅತ್ತಿ. ನ್ಯಾಯವಾದ ಪ್ರಶ್ನೆ ಅಲ್ವಾ? ಮೃದು ಅನ್ನುವುದು ಗಂಟಿಗಲ್ಲ, ಅದು ಹುಟ್ಟುವ ಜಾಗಕ್ಕೆ: ಸ್ನಾಯು, ಕೊಬ್ಬು, ನರ, ರಕ್ತನಾಳ. ‘ಎಲುಬಿಂದಲ್ಲ, ಮಾಂಸದೊಳಗಿನ ಗಂಟು’ ಅಂದಾಗ ತಿಳಿಯಿತು. ಸಾರ್ಕೋಮಾದ ಬೇರೂ ಗ್ರೀಕಿನ ‘ಸಾರ್ಕ್ಸ್’, ಅಂದರೆ ಮಾಂಸ. ಸುಶ್ರುತ ಸಂಹಿತೆಯಲ್ಲೂ ‘ಮಾಂಸಾರ್ಬುದ’ ಇದೆ, ಎರಡೂ ಒಂದೇ ಕಾಯಿಲೆ ಅಂತಲ್ಲ. ಇನ್ನು ‘ಸೈನೋವಿಯಲ್’ ಅನ್ನುವ ಹೆಸರೇ ಸುಳ್ಳು. ಕೀಲಿನ ಒಳಪೊರೆಯಿಂದ ಇದು ಹುಟ್ಟುವುದಿಲ್ಲ. ಹಾಗೆ ಕಂಡಿತು ಅಂತ ಇಟ್ಟ ಹೆಸರು ಉಳಿದುಕೊಂಡಿದೆ.

ಕಾಂಪ್ಲಿಕೇಶನ್‌ಗೆ ‘ತೊಡಕು’ ಅಂತ ಬರೆಯುತ್ತಾರೆ. ಆಯುರ್ವೇದದವರು ‘ಉಪದ್ರವ’ ಅನ್ನುತ್ತಾರೆ, ಮೂಲ ರೋಗದ ಬೆನ್ನಿಗೇ ಬರುವ ಇನ್ನೊಂದು. ನಮ್ಮ ಕಡೆ ‘ತ್ರಾಸ’ ಸಾಕು. ಆಪರೇಷನ್ ಗಾಯ ಬೇಗ ಮಾಯದಿರುವುದು, ರೇಡಿಯೇಷನ್ ಆದಮೇಲೆ ಕಾಲು ಬಾಯುವುದು, ಮೊಣಕಾಲು ಬಿಗಿಯುವುದು, ಎಲ್ಲ ತ್ರಾಸವೇ. ಆದರೆ ಈ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಪುಪ್ಪುಸಕ್ಕೆ. ಅದನ್ನೂ ‘ತ್ರಾಸ’ ಅನ್ನೋಕೆ ಬಾಯಿ ಬರಲಿಲ್ಲ.

ನಾನು ಸಿಕ್ಕಿಬಿದ್ದದ್ದು ಪ್ರಾಗ್ನೋಸಿಸ್‌ಗೆ. ‘ಮುನ್ಸೂಚನೆ’ ಅಂದರೆ ಮಳೆಯ ಸುದ್ದಿ ಆಗುತ್ತದೆ. ‘ಭವಿಷ್ಯ’ ಅಂದರೆ ಪಂಚಾಂಗ ಬಿಚ್ಚಿದಂತೆ. ‘ಸಾಧ್ಯಾಸಾಧ್ಯತೆ’ (ರೋಗ ವಾಸಿಯಾದೀತೋ ಇಲ್ಲವೋ ಅನ್ನುವುದು) ಹಳೆಯ ಪದ, ನಿಖರವೂ ಹೌದು. ಆದರೆ ಅತ್ತಿಯ ಕಿವಿಗೆ ‘ಅಸಾಧ್ಯ’ ಒಂದೇ ಬಿದ್ದೀತು. ಡಾಕ್ಟರ್ ಹೇಳಿದ್ದು ಬರೀ ಅಂದಾಜು: ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ತೆಗೆದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಚಿಂತೆ ಜಾಸ್ತಿ. 10 ವರ್ಷ ಕಳೆದ ಮೇಲೂ ಮರುಕಳಿಸಬಹುದು, ಆದ್ದರಿಂದ ಚೆಕಪ್ ಬಿಡುವಂತಿಲ್ಲ.

ಅತ್ತಿ ಕೇಳಿದ್ದು ಎರಡೇ ಪದ: “ಮುಂದ ಹ್ಯಾಂಗ್ರಿ?” ಡಾಕ್ಟರಿಗೆ ಅಷ್ಟೇ ಸಾಕಾಯಿತು. ಆ ಪ್ರಶ್ನೆಯನ್ನು ನಾಮಪದ ಮಾಡೋದು ಹೇಗೆ? ಸದ್ಯಕ್ಕೆ ‘ಗುಣದ ಅಂದಾಜು’ ಅಂತ ಬರೆದುಕೊಂಡಿದ್ದೇನೆ. ಗುಣ ಕಾಣದ ಕಡೆ ವಾಲಿದ ಅಂದಾಜಿಗೂ ‘ಗುಣ’ ಹಚ್ಚೋದು ಸರಿಯಾ? ವಿಜಯಪುರ, ಬಾಗಲಕೋಟೆ ಕಡೆಯವರ ಬಾಯಲ್ಲಿ ಬೇರೆ ಪದವಿದ್ದರೆ ತಿಳಿಸಿ.