ಕಡಿಮೆ ದುಡ್ಡಲ್ಲಿ ಕಿರುಚಿತ್ರ: ಮೊದಲು ಏನು ಕೊಳ್ಳಬೇಕು, ಏನು ಬಿಡಬೇಕು? (ಒಂದು ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಮೊದಲ ಕಿರುಚಿತ್ರ:

ಹನ್ನೆರಡು ನಿಮಿಷದ ಒಂದು ಕಥೆ ಬರೆದಿಟ್ಟುಕೊಂಡಿದ್ದೇನೆ. ಎರಡೇ ಪಾತ್ರ, ಒಂದು ಮನೆ, ಒಂದು ತಾರಸಿ. ಮಾತೇ ಜಾಸ್ತಿ. ತಾರಸಿಯಲ್ಲಿ ಒಂದು ರಾತ್ರಿ ದೃಶ್ಯ ಬೇರೆ ಇದೆ. ಕೈಯಲ್ಲಿರುವುದು ಒಂದು ಒಳ್ಳೆಯ ಫೋನ್, ಗೆಳೆಯನ ಹಳೆಯ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ ಕಿಟ್ ಲೆನ್ಸ್. ಉಳಿಸಿಟ್ಟ ದುಡ್ಡಲ್ಲಿ ದೊಡ್ಡ ಸೆನ್ಸರಿನ ಒಂದು ಫುಲ್‌ಫ್ರೇಮ್ ಕ್ಯಾಮೆರಾ ಬರುತ್ತದೆ. ಆದರೆ ಅದನ್ನು ಕೊಂಡರೆ ಬೇರೆ ಯಾವುದಕ್ಕೂ ಕಾಸು ಉಳಿಯುವುದಿಲ್ಲ. ಕೊಳ್ಳಲಾ, ಬೇಡವಾ? ಮಾಡಿ ಕೈ ಸುಟ್ಟುಕೊಂಡವರು ಹೇಳಿದರೆ ಒಳ್ಳೆಯದು.

ಬೂಮ್‌ಕೋಲು:

ಕೊಳ್ಳಬೇಡಿ.

ನನ್ನ ಮೊದಲ ಚಿತ್ರಕ್ಕೆ ನಾನೂ ಹೀಗೇ ಮಾಡಿದ್ದೆ. ಇದ್ದಬದ್ದ ದುಡ್ಡೆಲ್ಲ ಕ್ಯಾಮೆರಾಗೆ ಸುರಿದೆ. ಅದರ ತಲೆಯ ಮೇಲೆ ಒಂದು ಪುಟ್ಟ ಮೈಕ್ ಸಿಕ್ಕಿಸಿ, ಎರಡು ಮೀಟರ್ ದೂರದಿಂದ ಮಾತು ಹಿಡಿದೆ. ತೋರಿಸಿದ ದಿನ ಮೂರನೇ ನಿಮಿಷಕ್ಕೆ ಮುಂದಿನ ಸಾಲಿನಲ್ಲಿದ್ದವರೊಬ್ಬರು ಪಕ್ಕಕ್ಕೆ ಬಾಗಿ "ಏನಂದ?" ಅಂದರು. ಆಮೇಲೆ ಅಲ್ಲಿದ್ದ ಯಾರೂ ಚಿತ್ರ ನೋಡಲಿಲ್ಲ, ಮಾತು ಹಿಡಿಯಲು ಹೆಣಗಾಡಿದರು. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಅದನ್ನು ಸ್ಟೈಲ್ ಅಂದುಕೊಂಡು ಸುಮ್ಮನಾಗುತ್ತಾರೆ. ಮಾತು ಕೇಳದಿದ್ದರೆ ಹಾಗಲ್ಲ.

ಮೈಕ್ ಯಾವ ಕಂಪನಿಯದು ಅನ್ನುವುದಕ್ಕಿಂತ ಬಾಯಿಗೆ ಎಷ್ಟು ಹತ್ತಿರ ಇದೆ ಅನ್ನುವುದು ಮುಖ್ಯ. ದೂರ ಎರಡರಷ್ಟಾದರೆ ನೇರವಾಗಿ ಬರುವ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಗುಂಯ್‌ಗುಡುವಿಕೆ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಾಗಾಗಿ ಎರಡು ಮೀಟರ್ ದೂರದ ದುಬಾರಿ ಮೈಕ್‌ಗಿಂತ ತಲೆಯ ಮೇಲೆ ಅರ್ಧ ಮೀಟರ್‌ನಲ್ಲಿರುವ ಸಾಧಾರಣ ಮೈಕ್ ಎಷ್ಟೋ ವಾಸಿ. ಬೂಮ್‌ಗೆ (ಉದ್ದ ಕೋಲಿನ ತುದಿಗೆ ಮೈಕ್ ಕಟ್ಟಿ ಪಾತ್ರದ ತಲೆಯ ಮೇಲೆ ಹಿಡಿಯುವುದು) ಅಂತಲೇ ಮಾರುವ ಕೋಲು ಬೇಕಿಲ್ಲ. ಗೋಡೆಗೆ ಬಣ್ಣ ಹೊಡೆಯುವವರ ಉದ್ದ ಕೋಲು ನಡೆಯುತ್ತದೆ. ಆದರೆ ಅದಕ್ಕೆ ರಬ್ಬರ್‌ನ ಶಾಕ್ ಮೌಂಟ್ ಇರಲೇಬೇಕು, ಇಲ್ಲದಿದ್ದರೆ ಕೈ ಜಾರಿದ ಸದ್ದೆಲ್ಲ ಮೈಕ್‌ಗೆ ಇಳಿಯುತ್ತದೆ. ಪ್ರತಿ ಶಾಟ್‌ಗೂ ನಾನು ಹೀಗೆ ಮಾಡುತ್ತೇನೆ: ಮೈಕನ್ನು ಮೇಲಿನಿಂದ ಮೆಲ್ಲಗೆ ಇಳಿಸುತ್ತಾ ಬರುತ್ತೇನೆ. ಕ್ಯಾಮೆರಾದವರು "ಬಂತು" ಅಂದ ತಕ್ಷಣ ಒಂದು ಗೇಣು ಮೇಲೆ ಎತ್ತುತ್ತೇನೆ. ಅಲ್ಲೇ ನಿಲ್ಲುತ್ತೇನೆ.

ನಿಮ್ಮದು ಮನೆಯೊಳಗಿನ ಕಥೆ, ಅದಕ್ಕೆ ಇನ್ನೊಂದು ಮಾತು. ಎಲ್ಲರೂ ಉದ್ದದ ಶಾಟ್‌ಗನ್ ಮೈಕ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ, ಕೊಳವೆಯಂಥ ಮೈಕ್) ಕೊಳ್ಳಿ ಅನ್ನುತ್ತಾರೆ. ಅದು ಬಯಲಿಗೆ ಚೆನ್ನ. ಸಣ್ಣ ಕೋಣೆಯಲ್ಲಿ ಚಾವಣಿ, ಗೋಡೆಗಳಿಂದ ವಾಪಸ್ ಬರುವ ಸದ್ದು ಸೇರಿಕೊಂಡು ಮಾತು ಡಬ್ಬದೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಒಳಾಂಗಣಕ್ಕೆ ಗಿಡ್ಡ ಹೈಪರ್‌ಕಾರ್ಡಿಯಾಯ್ಡ್ (ಇದೂ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುತ್ತದೆ) ಮೈಕ್ ಉತ್ತಮ. ಯಾವ ಮೈಕ್ ಆದರೂ ಫ್ರೇಮಿಗೆ ಕಾಣದ ಕಡೆ ದಪ್ಪ ಕಂಬಳಿ, ಹಾಸಿಗೆ ಒರಗಿಸಿಡಿ. ಬರಿ ನೆಲವಿದ್ದರೆ ಅಲ್ಲೂ ಒಂದು ಕಂಬಳಿ ಹಾಸಿ. ಕಾಸು ಖರ್ಚಿಲ್ಲದೆ ಆಗುವ ಇಷ್ಟು ದೊಡ್ಡ ಸುಧಾರಣೆ ಬೇರೆ ಇಲ್ಲ.

ಫ್ಯಾನ್, ಎಸಿ, ಫ್ರಿಜ್ ಎಲ್ಲ ಆಫ್. ಫ್ರಿಜ್ ಆಫ್ ಮಾಡಿದ ತಕ್ಷಣ ನಿಮ್ಮ ಗಾಡಿಯ ಕೀ ಅದರೊಳಗೆ ಇಟ್ಟುಬಿಡಿ. ಮತ್ತೆ ಆನ್ ಮಾಡದೆ ಮನೆಗೆ ಹೋಗಲು ಆಗುವುದಿಲ್ಲ. ಇದು ಹಳೆಯ ಉಪಾಯ, ಎಲ್ಲ ಸೌಂಡಿನವರಿಗೂ ಗೊತ್ತು. ಪ್ರತಿ ಜಾಗದಲ್ಲೂ ಎಲ್ಲರನ್ನೂ ಅಲ್ಲಾಡದೆ ನಿಲ್ಲಿಸಿ ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿ. ಅದೇ ರೂಮ್ ಟೋನ್. ಎಡಿಟಿಂಗ್‌ನಲ್ಲಿ ಎರಡು ಮಾತುಗಳ ನಡುವಿನ ತೂತು ಮುಚ್ಚಲು ಅದೇ ತೇಪೆ.

ರೆಕಾರ್ಡರ್ ಕೊಳ್ಳುವುದಾದರೆ 32-ಬಿಟ್ ಫ್ಲೋಟ್ ಇರುವುದನ್ನು ನೋಡಿ. ಪಾತ್ರಧಾರಿ ಇದ್ದಕ್ಕಿದ್ದಂತೆ ಕಿರುಚಿದರೂ ಆಮೇಲೆ ಮಟ್ಟ ಇಳಿಸಿದರೆ ಮಾತು ಸಿಗುತ್ತದೆ. ಮೈಕೇ ತಡೆಯಲಾರದಷ್ಟು ಜೋರಾದರೆ ಮಾತ್ರ ಅದೂ ಉಳಿಸಲಾರದು. ಸಾಮಾನ್ಯ 24-ಬಿಟ್ ರೆಕಾರ್ಡರ್ ಆದರೆ ಜೋರು ಮಾತು ಮೀಟರಿನಲ್ಲಿ -12 ಡೆಸಿಬೆಲ್ ಸುತ್ತ ಬರುವಂತೆ ಇಡಿ (ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ). ಕಿವಿ ಮುಚ್ಚುವಂಥ ಹೆಡ್‌ಫೋನ್ ಒಬ್ಬರ ತಲೆಯ ಮೇಲೆ ಇರಲೇಬೇಕು. ಮೀಟರ್ ಕುಣಿಯುತ್ತಿದೆ ಅಂದ ಮಾತ್ರಕ್ಕೆ ಅದು ಮಾತೇ ಆಗಿರಬೇಕಿಲ್ಲ.

ಡಬ್ಬಿಂಗ್ ಪಕ್ಷ:

ಇಷ್ಟೆಲ್ಲ ಯಾಕೆ ಒದ್ದಾಡಬೇಕು? ಸ್ಪಾಟ್‌ನಲ್ಲಿ ಫೋನ್‌ನಲ್ಲಿ ಪೈಲಟ್ ಸೌಂಡ್ (ಡಬ್ಬಿಂಗ್‌ಗೆ ಗುರುತಿನ ಸದ್ದು) ತಗೊಂಡು ಆಮೇಲೆ ಡಬ್ ಮಾಡಿದರಾಯ್ತು. ನಾನು ಮೂರು ಚಿತ್ರ ಹಾಗೇ ಮಾಡಿದ್ದೇನೆ.

ಬೂಮ್‌ಕೋಲು:

ಮಾಡಬಹುದು. ಆದರೆ ಹೊಸ ಕಲಾವಿದರು ತಾವೇ ಆಡಿದ ಮಾತಿಗೆ ತಾವೇ ತುಟಿ ಕೂಡಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ ನಿಮಗೂ ಗೊತ್ತು, ಅಲ್ವಾ? ಅಳುತ್ತಾ ಆಡಿದ ಮಾತು ಡಬ್ಬಿಂಗ್ ಕೋಣೆಯಲ್ಲಿ ಎರಡನೇ ಸಲ ಬರುವುದು ಕಷ್ಟ. ಮಾತಷ್ಟೇ ಅಲ್ಲ, ಹೆಜ್ಜೆ, ಬಟ್ಟೆ, ಬಾಗಿಲು, ಲೋಟ ಎಲ್ಲವನ್ನೂ ಮತ್ತೆ ಮಾಡಬೇಕು. ತಾರಸಿಯಲ್ಲಿ ಗಾಳಿ ಜೋರಾಗಿದ್ದರೆ ಆ ಒಂದು ದೃಶ್ಯಕ್ಕೆ ಮಾತ್ರ ನಿಮ್ಮ ದಾರಿಗೆ ನನ್ನ ಒಪ್ಪಿಗೆ ಇದೆ.

ಕಿಟಕಿ ಬೆಳಕು:

ಸೌಂಡಿನ ಬಗ್ಗೆ ಮೇಲಿನವರು ಹೇಳಿದ ಮೇಲೆ ನನಗೆ ಕೆಲಸ ಕಡಿಮೆ. ಎರಡನೇ ದುಡ್ಡು ಬೆಳಕಿಗೆ ಹೋಗಲಿ. ಅದೂ ಸ್ವಲ್ಪವೇ.

ಮನೆಯಲ್ಲಿ ಹಗಲು ದೃಶ್ಯ ಅಂದರೆ ಕಿಟಕಿಯೇ ನಿಮ್ಮ ದೊಡ್ಡ ಲೈಟು. ಪಾತ್ರವನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ, ಕ್ಯಾಮೆರಾವನ್ನು ನೆರಳಿನ ಬದಿಗೆ ತನ್ನಿ. ಬಿಸಿಲು ನೇರ ಬೀಳುತ್ತಿದ್ದರೆ ಕಿಟಕಿಗೆ ತೆಳ್ಳನೆಯ ಬಿಳಿ ಬಟ್ಟೆಯನ್ನೋ ಬಟರ್ ಪೇಪರನ್ನೋ ಕಟ್ಟಿ. ಮುಖದ ಇನ್ನೊಂದು ಬದಿ ತೀರಾ ಕಪ್ಪಾದರೆ ಥರ್ಮಾಕೋಲ್ ಹಲಗೆ ಹಿಡಿಯಿರಿ. ಇದು ಎಲ್ಲರಿಗೂ ಗೊತ್ತು. ಕಡಿಮೆ ಜನ ಮಾಡುವುದು ಇದರ ಉಲ್ಟಾ: ಬಿಳಿ ಗೋಡೆಯ ಕೋಣೆಯಲ್ಲಿ ಬೆಳಕು ಎಲ್ಲ ಕಡೆ ಪುಟಿದು ಮುಖ ಚಪ್ಪಟೆಯಾಗುತ್ತದೆ. ಆಗ ನೆರಳಿನ ಬದಿಗೆ ಒಂದು ಕಪ್ಪು ಬಟ್ಟೆ ನೇತುಹಾಕಿ. ಮುಖಕ್ಕೆ ಆಕಾರ ಬರುವುದು ಕಣ್ಣೆದುರೇ ಕಾಣುತ್ತದೆ. ನಾನು ಒಂದು ಹಳೆಯ ಕಪ್ಪು ಪರದೆಯನ್ನು ಮಡಚಿ ಬ್ಯಾಗಿನಲ್ಲೇ ಇಟ್ಟುಕೊಂಡಿರುತ್ತೇನೆ. ಲೈಟುಗಳಿಗಿಂತ ಜಾಸ್ತಿ ಕೆಲಸ ಅದೇ ಮಾಡಿದೆ.

ಎಲ್‌ಇಡಿ ಕೊಳ್ಳುವಾಗ ಎಷ್ಟು ಪ್ರಖರ ಅಂತ ಮಾತ್ರ ನೋಡಬೇಡಿ. ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 95ರ ಮೇಲೆ ಇರಲಿ. ಅಗ್ಗದ ಲೈಟಿನಲ್ಲಿ ಚರ್ಮಕ್ಕೆ ಹಸಿರು ಛಾಯೆ ಬಂದರೆ ಗ್ರೇಡಿಂಗ್‌ನಲ್ಲಿ (ಕೊನೆಗೆ ಬಣ್ಣ ಹೊಂದಿಸುವ ಕೆಲಸ) ತಿದ್ದುವಷ್ಟರಲ್ಲಿ ಸಾಕಾಗುತ್ತದೆ. ಕಿಟಕಿಯ ತಣ್ಣನೆಯ ಬೆಳಕು, ಬಲ್ಬಿನ ಹಳದಿ ಬೆಳಕು ಎರಡೂ ಒಂದೇ ಮುಖದ ಮೇಲೆ ಬೀಳದಂತೆ ನೋಡಿಕೊಳ್ಳಿ. ಒಂದನ್ನು ಆಫ್ ಮಾಡಿ, ಇಲ್ಲವೇ ಬೇಕಂತಲೇ ಎರಡು ಬಣ್ಣ ಬಳಸಿ. ಅರ್ಧಂಬರ್ಧ ಬೇಡ.

ರಾತ್ರಿ ದೃಶ್ಯ ರಾತ್ರಿಯೇ ತೆಗೆಯಬೇಕು ಅಂತ ಯಾರು ಹೇಳಿದರು? ಸೂರ್ಯ ಮುಳುಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಆಕಾಶ ಕಡುನೀಲಿಯಾಗುತ್ತದೆ. ತಾರಸಿಯ ವೈಡ್ ಶಾಟ್ ಆಗ ತೆಗೆದುಬಿಡಿ. ಪಾತ್ರಗಳ ಹತ್ತಿರ ಒಂದು ಹಳದಿ ಬಲ್ಬು ಇರಲಿ. ಈ ಹೊತ್ತು ಬಹಳ ಚಿಕ್ಕದು, ಆದ್ದರಿಂದ ಹಿಂದಿನ ದಿನವೇ ಅದೇ ಹೊತ್ತಿಗೆ ಹೋಗಿ ನಿಂತು ರಿಹರ್ಸಲ್ ಮಾಡಿ. ಪೂರ್ತಿ ಕತ್ತಲಾದ ಮೇಲೆ ಕ್ಲೋಸಪ್‌ಗಳು. ಅದಕ್ಕೆ ಸಣ್ಣ ಲೈಟೇ ಸಾಕು. ಹಿಂದೆ ದೂರದಲ್ಲಿ ಎರಡು ಮೂರು ದೀಪ ಕಂಡರೆ ಕತ್ತಲೆಗೆ ಆಳ ಬರುತ್ತದೆ.

ಹಳೇ ಲೆನ್ಸ್:

ನಿಮ್ಮ ಗೆಳೆಯನ ಕ್ಯಾಮೆರಾ ಧಾರಾಳ ಸಾಕು. ಕಿಟ್ ಲೆನ್ಸ್ ಝೂಮ್ ಮಾಡಿದರೆ ಕತ್ತಲಾಗುತ್ತದೆ, ಅದಷ್ಟೇ ತೊಂದರೆ. 35 ಎಂಎಂ ಎಫ್ 1.8 ಅಥವಾ ಎಫ್ 2 (ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ ದೊಡ್ಡದು) ಇರುವ ಒಂದು ಲೆನ್ಸ್ ಸಾಲ ಸಿಗುತ್ತದಾ ನೋಡಿ. ಎಲ್ಲರೂ ಹೇಳುವ 50 ಎಂಎಂ ಲೆನ್ಸ್ ಎಪಿಎಸ್-ಸಿಯಲ್ಲಿ 75 ಎಂಎಂನಂತೆ, ಅಂದರೆ ಇನ್ನೂ ಹತ್ತಿರ ಎಳೆದಂತೆ ಕಾಣುತ್ತದೆ. ಸಣ್ಣ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಇಬ್ಬರು ಫ್ರೇಮಿಗೆ ಬರುವುದಿಲ್ಲ. ಫಿಲಂ ಕಾಲದ ಮ್ಯಾನ್ಯುವಲ್ ಲೆನ್ಸ್‌ಗಳೂ ಅಡಾಪ್ಟರ್ ಹಾಕಿದರೆ ಮಿರರ್‌ಲೆಸ್‌ಗೆ ಕೂರುತ್ತವೆ. ನನ್ನ ಎಂ42 ಮೌಂಟಿನ ಹೆಲಿಯೋಸ್ 44-2, 58 ಎಂಎಂ, ಇನ್ನೂ ಕೆಲಸ ಮಾಡುತ್ತಿದೆ. ಫೋಕಸ್ ಕೈಯಿಂದಲೇ ತಿರುಗಿಸಬೇಕು. ನೆಲಕ್ಕೆ ಟೇಪ್ ಅಂಟಿಸಿ ಪಾತ್ರ ನಿಲ್ಲುವ ಜಾಗ ಗುರುತು ಮಾಡಿ, ಲೆನ್ಸಿನ ಮೇಲೂ ಪೆನ್ಸಿಲ್ ಗೀಟು ಹಾಕಿ.

ಶಟರ್ ವಿಷಯ. ಸೆಕೆಂಡಿಗೆ 24 ಅಥವಾ 25 ಫ್ರೇಮ್ ಇಟ್ಟರೆ ಶಟರ್ 1/50 ಸೆಕೆಂಡ್ ಇಡಿ, ಚಲನೆ ಕಣ್ಣಿಗೆ ಹಿತವಾಗಿರುತ್ತದೆ. ಕರೆಂಟ್ 50 ಹರ್ಟ್ಸ್ ಇರುವ ಕಡೆ ಬಲ್ಬು ಮಿಣುಕುವುದೂ ಇದರಿಂದ ತಪ್ಪುತ್ತದೆ. 60 ಹರ್ಟ್ಸ್ ಇರುವ ಕಡೆ 1/60. ಇನ್ನು ಬಿಸಿಲಿಗೆ ಹೋದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ಕ್ಕೂ 1/50 ಶಟರ್‌ಗೆ ಎಫ್ 22ರವರೆಗೆ ಮುಚ್ಚಬೇಕಾಗುತ್ತದೆ. ಎಫ್ 2.8ರಲ್ಲಿ ತೆಗೆಯಬೇಕಾದರೆ 6 ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ಕತ್ತರಿಸುವ ಎನ್‌ಡಿ 64 ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು ಬೇಕು. ಹೊರಗೆ ಹಗಲು ತೆಗೆಯುವುದಿದ್ದರೆ ಹೊಸ ಲೆನ್ಸಿಗಿಂತ ಮೊದಲು ಇದು. ವೇರಿಯಬಲ್ ಎನ್‌ಡಿ ಆದರೆ ಕೊನೆಯವರೆಗೆ ತಿರುಗಿಸಬೇಡಿ, ಆಕಾಶದ ಮೇಲೆ ಗುಣಾಕಾರದ ಗುರುತಿನಂಥ ಕಪ್ಪು ಕಲೆ ಬೀಳುತ್ತದೆ.

ಫೋನ್ ಬಗ್ಗೆಯೂ ಒಂದು ಮಾತು. 2015ರ 'ಟ್ಯಾಂಜರೀನ್' ಚಿತ್ರ ಐಫೋನ್ 5ಎಸ್‌ನಲ್ಲಿ ತೆಗೆದದ್ದು, ಹಾಗಾಗಿ ಫೋನ್ ಆದೀತಾ ಅನ್ನುವ ಪ್ರಶ್ನೆ ಹಳೆಯದು. ಅದನ್ನು ಉದಾಹರಣೆ ಕೊಡುವವರು ಆ ತಂಡ ಫೋನಿಗೆ ಅನಾಮಾರ್ಫಿಕ್ (ಅಗಲದ ಚಿತ್ರ ಕೊಡುವ) ಅಡಾಪ್ಟರ್ ಲೆನ್ಸ್ ಹಾಕಿತ್ತು, ಮಾತನ್ನು ಬೇರೆ ಮೈಕಿನಲ್ಲಿ ಹಿಡಿದಿತ್ತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಗಿಂಬಲ್ (ನಡೆದಾಡುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಬೇಡ. ಇಬ್ಬರು ಕೂತು ಮಾತಾಡುವ ಕಥೆಗೆ ಭಾರದ ಟ್ರೈಪಾಡ್ ಸಾಕು. ಕ್ಯಾಮೆರಾ ತೇಲಾಡುವುದೇ ಸಿನಿಮಾ ಅನ್ನುವ ಭ್ರಮೆ ಎಲ್ಲಿಂದ ಬಂತೋ!

ಎಡಿಟ್ ಟೇಬಲ್:

ಮೇಲಿನವರ ತಪ್ಪೆಲ್ಲ ಕೊನೆಗೆ ನನ್ನ ಟೇಬಲ್ಲಿಗೇ ಬರುತ್ತದೆ, ಹಾಗಾಗಿ ಸ್ವಲ್ಪ ಕಟುವಾಗಿ ಹೇಳುತ್ತೇನೆ.

ಫೋನಿನ ಜೊತೆ ಬಂದ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆಯಬೇಡಿ. ಬೆಳಕು ಕಡಿಮೆಯಾದರೆ ಅದು ತನಗೆ ತೋಚಿದಂತೆ ಫ್ರೇಮ್ ರೇಟ್ ಬದಲಿಸುತ್ತದೆ. ಬೇರೆ ರೆಕಾರ್ಡರಿನ ಸೌಂಡ್ ಕೂಡಿಸಿದಾಗ ಮೊದಲ ನಿಮಿಷ ತುಟಿ ಸರಿ ಇರುತ್ತದೆ, ನಾಲ್ಕನೇ ನಿಮಿಷಕ್ಕೆ ಮಾತು ಎಲ್ಲೋ, ಬಾಯಿ ಎಲ್ಲೋ. ಫ್ರೇಮ್ ರೇಟ್, ಶಟರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣದ ಹೊಂದಿಕೆ) ನಾಲ್ಕನ್ನೂ ಕಟ್ಟಿಹಾಕುವ ಆ್ಯಪ್ ಬಳಸಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವುದು ಉಚಿತ. ಈಗಾಗಲೇ ತೆಗೆದುಬಿಟ್ಟಿದ್ದರೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ರೇಟಿಗೆ ಬದಲಿಸಿ, ಆಮೇಲೆ ಟೈಮ್‌ಲೈನಿಗೆ ತನ್ನಿ. ಪ್ರತಿ ಟೇಕಿನ ಶುರುವಿನಲ್ಲಿ ಚಪ್ಪಾಳೆ ಕ್ಯಾಮೆರಾಗೆ ಕಾಣುವಂತೆ ಹೊಡೆಯಿರಿ. ಕ್ಯಾಮೆರಾದ ಸ್ವಂತ ಮೈಕ್ ಆನ್ ಇರಲಿ, ಆ ಕಳಪೆ ಸದ್ದೇ ಸಿಂಕ್ ಮಾಡಲು ಸಾಕು.

ಲಾಗ್‌ನಲ್ಲಿ (ಆಮೇಲೆ ಗ್ರೇಡಿಂಗ್ ಮಾಡಲೆಂದು ಚಿತ್ರವನ್ನು ಪೇಲವವಾಗಿ ಹಿಡಿಯುವ ಬಗೆ) ತೆಗೆದರೆ ಸಿನಿಮಾ ಥರ ಕಾಣುತ್ತದೆ ಅಂತ ಕೇಳಿರುತ್ತೀರಿ. ಹಳೆಯ ಕ್ಯಾಮೆರಾ 8-ಬಿಟ್ ಇರಬಹುದು. ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 10-ಬಿಟ್ ಆದರೆ 1024. 8-ಬಿಟ್ ಲಾಗನ್ನು ಗ್ರೇಡಿಂಗ್‌ನಲ್ಲಿ ಎಳೆದರೆ ಗೋಡೆ, ಆಕಾಶ ಎಲ್ಲ ಪಟ್ಟೆ ಪಟ್ಟೆ. ಕಡಿಮೆ ಕಾಂಟ್ರಾಸ್ಟಿನ ಸಾಮಾನ್ಯ ಪ್ರೊಫೈಲ್‌ನಲ್ಲೇ ತೆಗೆಯಿರಿ, ವೈಟ್ ಬ್ಯಾಲೆನ್ಸ್ ಸ್ಪಾಟ್‌ನಲ್ಲೇ ಸರಿಯಾಗಿ ಇಡಿ.

ಸೆಕೆಂಡಿಗೆ 100 ಮೆಗಾಬಿಟ್ ಬರೆಯುವ ಕ್ಯಾಮೆರಾ ಗಂಟೆಗೆ 45 ಜಿಬಿ ತಿನ್ನುತ್ತದೆ. ಕಾರ್ಡು ಎಷ್ಟು ಬೇಕು ಅಂತ ಅದರಲ್ಲೇ ಲೆಕ್ಕ ಹಾಕಿ. ಎರಡು ಬೇರೆ ಬೇರೆ ಡ್ರೈವಿಗೆ ಪ್ರತಿ ತೆಗೆದು, ಫೈಲ್ ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು. ನಮ್ಮ ಒಂದು ಇಡೀ ಮಧ್ಯಾಹ್ನದ ಕೆಲಸ "ಕಾಪಿ ಆಯ್ತು" ಅನ್ನುವ ಒಂದೇ ಮಾತಿಗೆ ಹೋಯಿತು. ಕಾಪಿ ಆಗಿತ್ತು, ಆದರೆ ಹಿಂದಿನ ದಿನದ ಫೋಲ್ಡರ್.

ತಂತ್ರಾಂಶಕ್ಕೆ ದುಡ್ಡು ಕೊಡಬೇಡಿ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ 3840x2160ರವರೆಗೆ ಫೈಲ್ ಕೊಡುತ್ತದೆ. ಕಂಪ್ಯೂಟರ್ ಏದುಸಿರು ಬಿಟ್ಟರೆ ಪ್ರಾಕ್ಸಿ (ಎಡಿಟ್‌ಗೆ ಮಾತ್ರ ಬಳಸುವ ಹಗುರ ಪ್ರತಿ) ಮಾಡಿಕೊಳ್ಳಿ. ಅದೂ ಭಾರವಾದರೆ ಕೆಡೆನ್‌ಲೈವ್ ಅನ್ನುವ ಇನ್ನೊಂದು ಉಚಿತ ತಂತ್ರಾಂಶ ಇದೆ.

ಎಲ್ಲಕ್ಕಿಂತ ಮೊದಲು, ನಿಜವಾದ ಶೂಟಿಂಗಿಗೆ ಒಂದು ವಾರ ಮುಂಚೆ, ಅದೇ ಕೋಣೆಯಲ್ಲಿ ಅದೇ ಸಾಮಾನು ಇಟ್ಟುಕೊಂಡು ಒಂದು ನಿಮಿಷದ ದೃಶ್ಯ ತೆಗೆಯಿರಿ. ಎಡಿಟ್ ಮಾಡಿ, ಸೌಂಡ್ ಕೂಡಿಸಿ, ಫೈಲ್ ಹೊರಗೆ ತೆಗೆದು ದೊಡ್ಡ ಪರದೆಯಲ್ಲಿ ನೋಡಿ.

ಮೊದಲ ಕಿರುಚಿತ್ರ:

ಎಲ್ಲರಿಗೂ ಧನ್ಯವಾದ. ಕ್ಯಾಮೆರಾ ಕೊಳ್ಳುವುದನ್ನು ಬಿಟ್ಟೆ. ಸೆಕೆಂಡ್ ಹ್ಯಾಂಡ್ ರೆಕಾರ್ಡರ್, ಒಂದು ಗಿಡ್ಡ ಮೈಕ್ ತಂದೆ. ನಿನ್ನೆ ಆ ಒಂದು ನಿಮಿಷದ ಟೆಸ್ಟ್ ಮಾಡಿದೆವು.

ಫ್ಯಾನ್ ಆಫ್, ಫ್ರಿಜ್ ಆಫ್, ಕೀ ಒಳಗೆ. ಆದರೂ ಹೆಡ್‌ಫೋನಿನಲ್ಲಿ ಸೊಳ್ಳೆಯಂಥ ಸಣ್ಣ ಸದ್ದು. ಅರ್ಧ ಗಂಟೆ ಹುಡುಕಿದೆವು. ಕೊನೆಗೆ ನೋಡಿದರೆ ದೀಪದ ಡಿಮ್ಮರ್! ಪೂರ್ತಿ ತಿರುಗಿಸಿದರೆ ಸದ್ದಿಲ್ಲ, ಅರ್ಧಕ್ಕೆ ಇಟ್ಟರೆ ಗುಂಯ್. ಡಿಮ್ಮರ್ ಬಿಟ್ಟು ಬಲ್ಬಿಗೆ ಕಾಗದ ಸುತ್ತೋಣ ಅಂತ ಇದ್ದೇವೆ. ಕಪ್ಪು ಪರದೆಯ ಉಪಾಯ ನೋಡಿ ನಮ್ಮ ನಟಿಯೇ "ಇದು ನಾನೇನಾ?" ಅಂದರು.

ಒಂದೇ ತೊಂದರೆ. ಬೂಮ್ ಹಿಡಿದ ಗೆಳೆಯನ ಕೈ ಎರಡನೇ ಟೇಕಿಗೇ ನಡುಗಲು ಶುರುವಾಯಿತು. ಮೈಕ್ ಫ್ರೇಮಿಗೆ ಇಳಿದು ಬಂತು.

ಬೂಮ್‌ಕೋಲು:

ಮೊದಲು ಆ ಕಾಗದ. ಬಲ್ಬಿಗೆ ತಾಗಿಸಿ ಸುತ್ತಬೇಡಿ, ಬಿಸಿಯಾಗಿ ಹೊತ್ತಿಕೊಳ್ಳಬಹುದು. ಕಡಿಮೆ ವ್ಯಾಟಿನ ಬಲ್ಬ್ ಹಾಕಿದರೆ ಮುಗಿಯಿತು.

ನಿಮ್ಮ ಗೆಳೆಯ ಬಹುಶಃ ಬೂಮನ್ನು ಮೊಣಕೈ ಮಡಚಿ ಎದೆಯ ಮುಂದೆ ಹಿಡಿದಿದ್ದ. ಹಾಗೆ ಹಿಡಿದರೆ ಯಾರ ಕೈಯಾದರೂ ನಡುಗುತ್ತದೆ. ಎರಡೂ ಕೈ ನೇರ ಮೇಲೆತ್ತಿ, ಕೋಲು ತಲೆಯ ಮೇಲೆ ಅಡ್ಡಕ್ಕೆ ಬರಲಿ. ಆಗ ಭಾರ ಮೂಳೆಯ ಮೇಲೆ ಕೂರುತ್ತದೆ, ಸ್ನಾಯು ಒದ್ದಾಡುವುದಿಲ್ಲ. ಹಿಂದಿನ ಕೈ ಕೋಲಿನ ತುದಿಯಲ್ಲಿ, ಮುಂದಿನ ಕೈ ಸುಮ್ನೆ ಆಸರೆಗೆ. ಟೇಕ್ ನಡುವೆ ಕೋಲನ್ನು ನೆಲಕ್ಕೆ ಊರಿ ಕೈ ಇಳಿಸಲು ಬಿಡಿ. ಪಾತ್ರಗಳು ಕೂತಲ್ಲೇ ಮಾತಾಡುವ ಶಾಟ್ ಆದರೆ ಮನುಷ್ಯನೇ ಬೇಡ, ಲೈಟ್ ಸ್ಟ್ಯಾಂಡಿಗೆ ಕೋಲು ಕಟ್ಟಿಬಿಡಿ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಮಾತ್ರ ಮರೆಯಬೇಡಿ. ನಾನು ಮರೆತು ಒಂದು ಮೈಕ್ ಕಳಕೊಂಡಿದ್ದೇನೆ.