ಡಾಕ್ಸ್ ಬದಲಿಸೋದು ಯಾವಾಗ? ಕೋಡ್ ಮರ್ಜ್ ಆದಾಗಲಾ, ರಿಲೀಸ್ ದಿನವಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಕೆಲವು ಗೆಳೆಯರು ಸೇರಿ ಒಂದು ಸಣ್ಣ ಪೈಥಾನ್ ಲೈಬ್ರರಿ ನಡೆಸುತ್ತಿದ್ದೇವೆ. ಡಾಕ್ಸ್ (ಬಳಸುವವರಿಗಾಗಿ ಬರೆದ ವಿವರಣೆ ಪುಟಗಳು) ಸ್ಫಿಂಕ್ಸ್ ಅನ್ನುವ ಸಾಧನದಲ್ಲಿದೆ, ರೀಡ್ ದಿ ಡಾಕ್ಸ್ ಅನ್ನುವ ಸೈಟ್‌ನಲ್ಲಿ ಹೋಸ್ಟ್ ಮಾಡಿದ್ದೇವೆ. ಮೇನ್ ಬ್ರಾಂಚ್‌ಗೆ (ಕೋಡ್‌ನ ಮುಖ್ಯ ಪ್ರತಿಗೆ) ಏನು ಮರ್ಜ್ ಆದರೂ, ಅಂದರೆ ಸೇರಿದರೂ, ಸೈಟ್‌ನಲ್ಲಿ ಕಾಣುತ್ತದೆ. ಈಗ 2.0 ವರ್ಷನ್‌ನ ಕೆಲಸ ಅರ್ಧ ಆಗಿದೆ. ಸೈಟ್ ನೋಡಿದವರು ‘ಪಿಪ್‌ನಲ್ಲಿ (ಪೈಥಾನ್‌ನ ಇನ್‌ಸ್ಟಾಲರ್) ಹಾಕಿಕೊಂಡರೆ ಈ ಫಂಕ್ಷನ್ನೇ ಇಲ್ವಲ್ಲ’ ಅಂತ ಇಶ್ಯೂ (ದೂರು) ಹಾಕುತ್ತಿದ್ದಾರೆ. ರಿಲೀಸ್ ಆಗೋವರೆಗೆ ಡಾಕ್ಸ್ ಮುಟ್ಟೋದೇ ಬೇಡ ಅಂತ ಒಬ್ಬರ ವಾದ. ಸರೀನಾ?

ಉತ್ತರ: ಆ ವಾದ ಒಪ್ಪಬೇಡಿ. ರಿಲೀಸ್ ಹೊತ್ತಿಗೆ ಯಾವ ಪ್ಯಾರಾಮೀಟರ್ ಯಾಕೆ ಬದಲಾಯಿತು ಅಂತ ಬರೆದವರಿಗೇ ನೆನಪಿರುವುದಿಲ್ಲ. ಕೋಡ್ ಬದಲಿಸುವ ಪುಲ್ ರಿಕ್ವೆಸ್ಟ್‌ನಲ್ಲೇ (ಬದಲಾವಣೆ ಸೇರಿಸಿ ಅಂತ ಕಳಿಸುವ ಕೋರಿಕೆ) ಡಾಕ್ಸ್ ಕೂಡ ಬರಲಿ. ಜಾಂಗೋ ಅನ್ನುವ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನವರು ಹಾಗೇ ಮಾಡುತ್ತಾರೆ. ಹೊಸ ಫೀಚರ್ ಅಂದರೆ ಡಾಕ್ಸ್ ಬೇಕು, ರಿಲೀಸ್ ನೋಟ್ಸ್‌ನಲ್ಲಿ ಒಂದು ಸಾಲೂ ಬೇಕು. ಸ್ಫಿಂಕ್ಸ್‌ನಲ್ಲಿ ‘ವರ್ಷನ್‌ಆಡೆಡ್’, ‘ವರ್ಷನ್‌ಚೇಂಜ್ಡ್’ ಅನ್ನುವ, ಯಾವ ವರ್ಷನ್‌ನಲ್ಲಿ ಬಂತು, ಬದಲಾಯಿತು ಅಂತ ಹೇಳುವ ಗುರುತುಗಳಿವೆ. ಅವನ್ನು ಆಗಲೇ ಹಾಕಿಬಿಡಿ.

ನಿಮ್ಮ ತೊಂದರೆ ಇರೋದು ಬರೆಯುವ ಸಮಯದಲ್ಲಲ್ಲ, ಓದುಗರನ್ನು ಯಾವ ಪುಟಕ್ಕೆ ಕಳಿಸುತ್ತಿದ್ದೀರಿ ಅನ್ನೋದರಲ್ಲಿ. ರೀಡ್ ದಿ ಡಾಕ್ಸ್‌ನಲ್ಲಿ ‘ಲೇಟೆಸ್ಟ್’ ಅಂದರೆ ಮೇನ್ ಬ್ರಾಂಚ್. ‘ಸ್ಟೇಬಲ್’ ಅಂದರೆ ನೀವು ಟ್ಯಾಗ್ ಮಾಡಿದ (ರಿಲೀಸ್ ಅಂತ ಗುರುತು ಹಾಕಿದ) ಅತಿ ದೊಡ್ಡ ವರ್ಷನ್. ಬೀಟಾ ಟ್ಯಾಗ್ ಅದಕ್ಕೆ ಲೆಕ್ಕಕ್ಕಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಡೀಫಾಲ್ಟ್ ಅನ್ನು ಸ್ಟೇಬಲ್ ಮಾಡಿ. ಅರ್ಧಕ್ಕರ್ಧ ಇಶ್ಯೂ ಅಲ್ಲೇ ನಿಲ್ಲುತ್ತವೆ.

ಆಮೇಲೆ ರೀಡ್‌ಮೀ (ಪ್ರಾಜೆಕ್ಟ್‌ನ ಪರಿಚಯ ಪುಟ) ನೋಡಿ. ಇಲ್ಲಿರುವ ಎಡವಟ್ಟು ಯಾರ ಕಣ್ಣಿಗೂ ಬೀಳಲ್ಲ! ಕೋಡ್ ಇಡುವ ಗಿಟ್‌ಹಬ್‌ನಲ್ಲಿ ಕಾಣೋದು ಮೇನ್ ಬ್ರಾಂಚ್‌ನ ರೀಡ್‌ಮೀ, ಪಿಪ್ ಲೈಬ್ರರಿ ತರುವ ಪೈಪಿಐನಲ್ಲಿ ಕಾಣೋದು ಆ ರಿಲೀಸ್ ಜೊತೆ ಹೋದದ್ದು. ಗಿಟ್‌ಹಬ್‌ಗೆ ಬಂದವರು 2.0 ಉದಾಹರಣೆ ನಕಲು ಮಾಡಿಕೊಂಡು ಹೋಗಿ ಹಳೆ 1.x ಮೇಲೆ ಓಡಿಸುತ್ತಾರೆ. ರೀಡ್‌ಮೀಯಲ್ಲಿ ಉದಾಹರಣೆ ಕಡಿಮೆ ಇಡಿ, ಸ್ಟೇಬಲ್ ಡಾಕ್ಸ್‌ಗೆ ಲಿಂಕ್ ಕೊಡಿ.

ಪ್ರಶ್ನೆ: ಸ್ಟೇಬಲ್ ಪುಟದಲ್ಲಿ ಸುಮ್ನೆ ಒಂದು ಅಕ್ಷರ ತಪ್ಪಿದ್ದರೂ ಹೊಸ ಟ್ಯಾಗ್ ಹಾಕಬೇಕಾ ಸರ್?

ಉತ್ತರ: ಬೇಡ. ರಿಪಾಸಿಟರಿಯಲ್ಲಿ (ನಿಮ್ಮ ಕೋಡ್ ಇರುವ ಜಾಗ) ‘ಸ್ಟೇಬಲ್’ ಅನ್ನುವ ಹೆಸರಿನ ಬ್ರಾಂಚ್ ನೀವೇ ಮಾಡಿದರೆ ರೀಡ್ ದಿ ಡಾಕ್ಸ್ ಅದನ್ನೇ ತೆಗೆದುಕೊಳ್ಳುತ್ತದೆ. ತಿದ್ದುಪಡಿ ಮೊದಲು ಮೇನ್‌ಗೆ ಹೋಗಲಿ, ಅಲ್ಲಿಂದ ಈ ಬ್ರಾಂಚ್‌ಗೆ ಚೆರ್ರಿ-ಪಿಕ್ ಮಾಡಿ (ಆ ಒಂದು ಬದಲಾವಣೆ ಮಾತ್ರ ಎತ್ತಿ ತನ್ನಿ). ಆದರೆ ಪ್ರತಿ ರಿಲೀಸ್‌ಗೂ ಆ ಬ್ರಾಂಚನ್ನು ನೀವೇ ಮುಂದಕ್ಕೆ ತರಬೇಕು. ರಿಲೀಸ್ ಚೆಕ್‌ಲಿಸ್ಟ್‌ನಲ್ಲಿ ಬರೆದಿಡಿ.

ಇನ್ನೊಬ್ಬರ ಪ್ರಶ್ನೆ: 2.0 ಬಂದ ಮೇಲೆ 1.x ಡಾಕ್ಸ್ ತೆಗೆದುಹಾಕಬಹುದಾ? ಗೂಗಲ್‌ನಲ್ಲಿ ಹಳೆಯದೇ ಮೊದಲು ಬರುತ್ತೆ.

ಉತ್ತರ: ತೆಗೆಯಬೇಡಿ ಮೇಡಂ. ಹಳೆ ವರ್ಷನ್ ಬಳಸುವವರಿಗೆ ಬೇರೆ ದಿಕ್ಕಿಲ್ಲ. ಪೈಥಾನ್ 2.7ಕ್ಕೆ 2020ರ ಜನವರಿ 1ರಿಂದ ಸಪೋರ್ಟ್ ಇಲ್ಲ, ಡಾಕ್ಸ್ ಇನ್ನೂ ಇದೆ. ಮೇಲೆ ಎದ್ದು ಕಾಣುವ ಹಾಗೆ ‘ಇದು ಹಳೆ ವರ್ಷನ್’ ಅಂತ ಪಟ್ಟಿ ಹಾಕಿ, ಅದರಿಂದ ಹೊಸ ವರ್ಷನ್‌ನ ಅದೇ ಪುಟಕ್ಕೆ ಲಿಂಕ್ ಇರಲಿ. ಮುಖಪುಟಕ್ಕೆ ಒಯ್ದು ಬಿಟ್ಟರೆ ಜನಕ್ಕೆ ಸಿಟ್ಟು ಬರುತ್ತೆ. ಗೂಗಲ್‌ಗೆ ಹೇಳೋಕೆ ಕ್ಯಾನೊನಿಕಲ್ ಲಿಂಕ್ (ಮುಖ್ಯ ಪುಟ ಇದು ಅನ್ನುವ ಗುರುತು) ಸ್ಟೇಬಲ್ ಕಡೆ ತೋರಿಸಲಿ. ಪುಟದ ಹೆಸರು ಬದಲಿಸಿದರೆ ಹಳೆ ವಿಳಾಸದಿಂದ ಹೊಸದಕ್ಕೆ ಒಯ್ಯುವ ರೀಡೈರೆಕ್ಟ್ ಹಾಕಿ.

ಅದೇ ಮೇಡಂ: ಕನ್ನಡ ಅನುವಾದದ ಕಥೆ? ಇಂಗ್ಲಿಷ್ ಬದಲಾದರೆ ನಮ್ಮದು ಹಾಳಾಗುತ್ತಾ?

ಉತ್ತರ: ಹಾಳಾಗಲ್ಲ. ಇಂಗ್ಲಿಷ್ ಸಾಲು ಸ್ವಲ್ಪ ಬದಲಾದರೆ ಪಿಒ ಫೈಲ್‌ನಲ್ಲಿ (ಅನುವಾದ ಇಡುವ ಕಡತ) ಹಳೆ ಅನುವಾದಕ್ಕೆ ‘ಫಝಿ’ (ಮತ್ತೆ ನೋಡಬೇಕು) ಅನ್ನುವ ಗುರುತು ಬೀಳುತ್ತೆ. ನೀವು ನೋಡಿ ಒಪ್ಪುವವರೆಗೆ ಸ್ಫಿಂಕ್ಸ್ ಆ ಸಾಲನ್ನು ಇಂಗ್ಲಿಷ್‌ನಲ್ಲೇ ತೋರಿಸುತ್ತದೆ. ತಪ್ಪು ಕನ್ನಡಕ್ಕಿಂತ ಅದೇ ವಾಸಿ. ರಿಲೀಸ್‌ಗೆ ಎರಡು ವಾರ ಮುಂಚೆ ಇಂಗ್ಲಿಷ್ ಮುಟ್ಟಬೇಡಿ ಅಂತ ತಂಡಕ್ಕೆ ಹೇಳಿ, ಅಷ್ಟರಲ್ಲಿ ಅನುವಾದದವರು ಫಝಿಗಳನ್ನು ನೋಡಿ ಮುಗಿಸಬಹುದು.